ಪೊಲೀಸರ ಬೇಡಿಕೆ ಕರಡು: ರಜೆ ಮೊದಲಾ, ಹಣ ಮೊದಲಾ? (ಹಾಸನ, ಚಿಕ್ಕಮಗಳೂರು ಕುಟುಂಬದವರು, ನಿವೃತ್ತರು)

ನಿವೃತ್ತ ಎಎಸ್‌ಐ, ಹಾಸನ

ಎಲ್ಲರಿಗೂ ನಮಸ್ಕಾರ. ನಿವೃತ್ತರು ಕೆಲವರು, ಕ್ವಾರ್ಟರ್ಸ್‌ನ ಹೆಣ್ಣುಮಕ್ಕಳು ಕೆಲವರು ಕೂತು ಬರೆದ ಮನವಿಯ ಕರಡು ನಿಮ್ಮ ಕೈಗೆ ಬಂದಿದೆ. ಓದದವರಿಗೆ ಚುಟುಕಾಗಿ ಹೇಳ್ತೇನೆ.

ಮೊದಲನೇದು ವಾರದ ರಜೆ. ಯಾರಿಗೆ ಯಾವತ್ತು ಅಂತ ತಿಂಗಳು ಶುರುವಾಗುವ ಮುಂಚೆಯೇ ಪಟ್ಟಿ ಮಾಡಿ ಠಾಣೆಯ ಬೋರ್ಡಿಗೆ ಅಂಟಿಸಬೇಕು. ಬಂದೋಬಸ್ತಿಗೆ ಅಂತ ಆ ರಜೆ ರದ್ದಾದರೆ ಮೂವತ್ತು ದಿನದೊಳಗೆ ಬದಲಿ ರಜೆ ಕೊಡಬೇಕು. ಕೊಡಲಿಲ್ಲ ಅಂದ್ರೆ ಕಾರಣ ಠಾಣಾ ದಿನಚರಿಯಲ್ಲಿ ಬರೆಯಬೇಕು. ಎರಡನೇದು, ಎಂಟು ಗಂಟೆ ಮೀರಿ ಮಾಡಿದ ಕೆಲಸಕ್ಕೆ ಲೆಕ್ಕ ಇಡಬೇಕು, ಹಣ ಕೊಡಬೇಕು. ಮೂರನೇದು, ಪೊಲೀಸರ ಸಂಬಳ ಏರಿಸಲು ಹೇಳಿದ ಔರಾದ್ಕರ್ ಸಮಿತಿ ವರದಿಯ ಜಾರಿಯಲ್ಲಿ ಹಳಬರಿಗೆ ಆದ ಅನ್ಯಾಯ ಸರಿಪಡಿಸೋದು. ನಾಲ್ಕನೇದು ವರ್ಗಾವಣೆ: ಗಂಡ ಹೆಂಡತಿ ಇಬ್ಬರೂ ನೌಕರಿಯಲ್ಲಿದ್ದರೆ, ಮನೆಯಲ್ಲಿ ಕಾಯಿಲೆಯವರಿದ್ದರೆ ಅದನ್ನು ಪರಿಗಣಿಸಬೇಕು. ಐದನೇದು, ಪ್ರಾಥಮಿಕ ವಿಚಾರಣೆ ಮುಗಿಯದೆ ಯಾರನ್ನೂ ಅಮಾನತು ಮಾಡಬಾರದು.

ಒಂದು ಮಾತು ಕಟ್ಟುನಿಟ್ಟಾಗಿ ಹೇಳ್ತೇನೆ. ಈಗ ಕೆಲಸದಲ್ಲಿರುವವರು ಇಲ್ಲಿ ಬರೆಯಬೇಡಿ. ಮನವಿಗೆ ಸಹಿಯನ್ನೂ ಹಾಕಬೇಡಿ. ನಾವು ಪಿಂಚಣಿದಾರರು, ಅಪ್ಪ ಅಮ್ಮ, ಹೆಂಡತಿ, ಅಣ್ಣ ತಮ್ಮ ಇದ್ದೇವೆ, ನಾವು ಹಾಕ್ತೇವೆ. ಅಭಿಪ್ರಾಯ ಬಿಚ್ಚಿ ಹೇಳಿ.

ಕಡೂರು ತಮ್ಮ

ಸರ್, ನಮ್ಮಣ್ಣ ಸಿವಿಲ್ ಕಾನ್‌ಸ್ಟೇಬಲ್. ನೇರವಾಗಿ ಹೇಳ್ತೀನಿ, ಮೊದಲನೇ ಬೇಡಿಕೆ ತೆಗೆದು ಎರಡನೇದನ್ನ ಮೇಲೆ ಹಾಕಿ. ವಾರದ ರಜೆ ಕಾಗದದ ಮೇಲೆ ಈಗಲೂ ಇದೆ. ಸಿಗಲ್ಲ ಅಷ್ಟೆ. ನೀವು ಇನ್ನೊಂದು ಕಾಗದದಲ್ಲಿ ಅದನ್ನೇ ಬರೆದರೆ ಏನು ಬದಲಾಗುತ್ತೆ? ಹಣ ಆದ್ರೆ ಹಾಗಲ್ಲ. ಖಜಾನೆಯಿಂದ ಬಿಲ್ ಆಗಬೇಕು, ಬ್ಯಾಂಕ್ ಖಾತೆಗೆ ಬಿತ್ತೋ ಇಲ್ವೋ ಅಂತ ಕಣ್ಣಿಗೆ ಕಾಣುತ್ತೆ. ಅಣ್ಣನಿಗೆ ಗೃಹ ಸಾಲ ಇದೆ, ಮಗು ಇಂಗ್ಲಿಷ್ ಮೀಡಿಯಂ. ರಜೆ ಕೊಟ್ಟರೆ ಅವನು ಮನೇಲಿ ಕೂತು ಸಾಲದ ಚಿಂತೆ ಮಾಡ್ತಾನೆ. ಹೆಚ್ಚಿನ ಗಂಟೆಗೆ ದುಡ್ಡು ಕೊಡಿ, ಮಾಡ್ತೀವಿ ಅನ್ನೋ ಹುಡುಗರು ಬೇಕಾದಷ್ಟು ಜನ ಇದ್ದಾರೆ.

ಐದನೇದು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಕ್ವಾರ್ಟರ್ಸ್ ಅಕ್ಕ, ಚಿಕ್ಕಮಗಳೂರು

ತಮ್ಮಾ, ನಿಮ್ಮಣ್ಣನಿಗೆ ಎಷ್ಟು ವಯಸ್ಸು? ನಮ್ಮ ಮನೆಯವರಿಗೆ ಐವತ್ತು ದಾಟಿದೆ. ಹೆಡ್ ಕಾನ್‌ಸ್ಟೇಬಲ್. ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ. ಡಾಕ್ಟರು ಹೊತ್ತಿಗೆ ಸರಿಯಾಗಿ ಊಟ ಮಾಡಿ ಅಂತಾರೆ. ಬಂದೋಬಸ್ತಿನ ದಿನ ಊಟ ಬರೋದು ಮಧ್ಯಾಹ್ನ ಮೂರಕ್ಕೆ, ಅದೂ ತಣ್ಣಗಾದ ಚಿತ್ರಾನ್ನದ ಪೊಟ್ಟಣ. ನಿಂತಲ್ಲೇ ತಿನ್ನಬೇಕು. ಡಿಸೆಂಬರಲ್ಲಿ ದತ್ತ ಜಯಂತಿ ಬಂದರೆ ಈ ಜಿಲ್ಲೆಯಲ್ಲಿ ಪೊಲೀಸರ ಮನೆ ಅಂದ್ರೆ ಗಂಡಸರಿಲ್ಲದ ಮನೆ. ಬಾಬಾಬುಡನ್‌ಗಿರಿ ಮೇಲೆ ಆ ಚಳಿ, ಆ ಮಂಜಿನಲ್ಲಿ ರಾತ್ರಿಯೆಲ್ಲ ನಿಂತು ಬರ್ತಾರೆ. ಅದು ಮುಗಿಯಿತು ಅನ್ನೋಷ್ಟರಲ್ಲಿ ಹೊಸ ವರ್ಷಕ್ಕೆ ಮುಳ್ಳಯ್ಯನಗಿರಿ ಕಡೆ ಗಾಡಿಗಳ ಸಾಲು. ಆಮೇಲೆ ಯಾರೋ ಮಂತ್ರಿ ಬರ್ತಾರೆ. ಆಮೇಲೆ ಜಾತ್ರೆ.

ರಜೆ ಸಿಕ್ಕಿದ ದಿನ ಅವರು ಏನು ಮಾಡ್ತಾರೆ ಗೊತ್ತಾ? ಮಲಗ್ತಾರೆ. ಬೆಳಿಗ್ಗೆ ಬೂಟು ಬಿಚ್ಚಿ ಕಾಲು ನೋಡಿದ್ರೆ ಸಾಕ್ಸಿನ ಎಲಾಸ್ಟಿಕ್ ಅಚ್ಚು ಒಳಗೆ ಇಳಿದಿರುತ್ತೆ, ಪಾದ ಊದಿರುತ್ತೆ. ಆ ಅಚ್ಚು ಸಂಜೆವರೆಗೂ ಹೋಗಲ್ಲ. ನಾನು ಅದನ್ನ ನೋಡ್ತಾ ದುಡ್ಡು ಜಾಸ್ತಿ ಕೊಡಿ ಅಂತ ಹೇಗೆ ಕೇಳಲಿ? ನನಗೆ ಅವರು ನಿವೃತ್ತಿ ಆಗೋವರೆಗೂ ಬದುಕಿರಬೇಕು. ರಜೆ ಮೊದಲು.

ಕರಿಕೋಟು, ಹಾಸನ ಕೋರ್ಟ್

ಎಎಸ್‌ಐ ಸರ್, ಕರಡು ಓದಿದೆ. ಕಾನೂನಿನ ಕಡೆಯಿಂದ ಎರಡು ಮಾತು, ತಪ್ಪು ತಿಳಿಯಬೇಡಿ.

ಸಂವಿಧಾನದ 33ನೇ ವಿಧಿ ಪೊಲೀಸರ ಮೂಲಭೂತ ಹಕ್ಕುಗಳನ್ನ ಕಡಿಮೆ ಮಾಡೋ ಅಧಿಕಾರವನ್ನ ಸಂಸತ್ತಿಗೆ ಕೊಟ್ಟಿದೆ. ಅದರಡಿ ಬಂದಿದ್ದು 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ. ಅನುಮತಿ ಇಲ್ಲದೆ ಯಾವ ಪೊಲೀಸನೂ ಕಾರ್ಮಿಕ ಸಂಘ ಸೇರುವ ಹಾಗಿಲ್ಲ. ಸೇರಿದರೆ ಎರಡು ವರ್ಷದವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಇದು ಕೆಲಸದಲ್ಲಿ ಇರೋರಿಗೆ ಮಾತ್ರ ಅನ್ವಯ. ನೀವು ನಿವೃತ್ತರು, ಮನೆಯವರು ಬರೆದರೆ ಈ ಕಾಯ್ದೆ ಅಡ್ಡ ಬರಲ್ಲ.

ಆದರೆ ಇನ್ನೊಂದು ಇದೆ, 1922ರದು, ಬ್ರಿಟಿಷರ ಕಾಲದ್ದು. ಪೊಲೀಸರಲ್ಲಿ ಅಸಮಾಧಾನ ಹುಟ್ಟಿಸುವುದು, ಕರ್ತವ್ಯಕ್ಕೆ ಹೋಗಬೇಡ ಅಂತ ಪ್ರೇರೇಪಿಸುವುದು ಅದರಲ್ಲಿ ಅಪರಾಧ, ಮತ್ತು ಅದು ಯಾರಿಗೆ ಬೇಕಾದರೂ ಅನ್ವಯಿಸುತ್ತೆ, ನಿಮಗೂ ನನಗೂ. ನಿಮ್ಮ ಕರಡಿನ ಕೊನೇ ಸಾಲು ನೋಡಿ: "ಬೇಡಿಕೆ ಈಡೇರದಿದ್ದಲ್ಲಿ ಸಿಬ್ಬಂದಿ ಸಾಮೂಹಿಕ ರಜೆಯ ಮೇಲೆ ತೆರಳುವುದು ಅನಿವಾರ್ಯವಾಗಬಹುದು." ಇದನ್ನ ಇವತ್ತೇ ಹೊಡೆದು ಹಾಕಿ. 2016 ನೆನಪಿದೆ ಅಲ್ವಾ?

ಮಾಜಿ ಕೆಎಸ್‌ಆರ್‌ಪಿ

ಮರೆಯೋ ಮಾತೇ ಇಲ್ಲ ಸರ್. 2016 ಜೂನ್ 4ರಂದು ಸಾಮೂಹಿಕ ರಜೆ ಅಂತ ಕರೆ ಇತ್ತು. ಅದಕ್ಕೂ ಮುಂಚೆಯೇ ಕರೆ ಕೊಟ್ಟ ಸಂಘಟನೆಯ ಅಧ್ಯಕ್ಷರನ್ನ ಹಿಡಿದು ದೇಶದ್ರೋಹದ ಕೇಸು ಹಾಕಿದರು. ರಜೆ ಚೀಟಿ ಬರೆದವರಿಗೆ ಮೆಮೋ, ಎಚ್ಚರಿಕೆ. ಕೊನೆಗೆ ಆ ದಿನ ಬಹುತೇಕ ಎಲ್ಲರೂ ಡ್ಯೂಟಿಗೆ ಬಂದರು. ಹೊರಗಿನವರು ಪುಸ್ಸಾಯ್ತು ಅಂತ ಬರೆದರು.

ಆದರೆ ಪುಸ್ಸಾಗಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆ ಗಲಾಟೆ ಇಲ್ಲದಿದ್ದರೆ ಔರಾದ್ಕರ್ ಸಮಿತಿ ವರದಿಯ ಮಾತೇ ಇಷ್ಟು ಬರುತ್ತಿರಲಿಲ್ಲ. 2019ರ ಆಗಸ್ಟ್ 1ರಿಂದ ಹೊಸ ವೇತನ ಶ್ರೇಣಿ ಬಂತು, ಕಾನ್‌ಸ್ಟೇಬಲ್ ಮೂಲ ವೇತನ 23,500ರಿಂದ ಶುರುವಾಯ್ತು. ಹೆದರಿಸದೆ ಯಾರೂ ಏನೂ ಕೊಡಲ್ಲ. ಕೊನೇ ಸಾಲು ಇರಲಿ ಅಂತೀನಿ.

ಕರಿಕೋಟು, ಹಾಸನ ಕೋರ್ಟ್

ಹೆದರಿಕೆಯಿಂದಲೇ ಬಂತು ಅಂತ ಹೇಗೆ ಹೇಳ್ತೀರಿ ಅಣ್ಣ? ಗಲಾಟೆ 2016ರದ್ದು, ದುಡ್ಡು ಬಂದಿದ್ದು 2019ರಲ್ಲಿ. ಮೂರು ವರ್ಷ ಯಾರು ಅನುಭವಿಸಿದರು? ಮೆಮೋ ತಗೊಂಡವರು. ಆ ಸಾಲಿಂದ ಕೇಸು ಬಿದ್ದರೆ ಅದು ಸಹಿ ಹಾಕಿದ ಈ ಅಕ್ಕನ ಮೇಲೆ ಬೀಳುತ್ತೆ. ಅವರ ಯಜಮಾನರನ್ನ ಯಾವ ಮೂಲೆಗೆ ಹಾಕ್ತಾರೋ ಗೊತ್ತಿಲ್ಲ.

ಅರಸೀಕೆರೆ ಮೆಕ್ಯಾನಿಕ್

ನಾನು ಸಾರಿಗೆ ನೌಕರ. ಮಗಳ ಗಂಡ ಪೊಲೀಸು, ಅದಕ್ಕೆ ಇಲ್ಲಿದ್ದೀನಿ. ನಮಗೆ ಸಂಘ ಇದೆ, ಒಂದಲ್ಲ ಹತ್ತಾರು ಇವೆ. ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ಆಗಬೇಕು ಅಂತ ಪದ್ಧತಿ. ಆದರೂ ನಮ್ಮ ಕಥೆ ಕೇಳಿ. 2020ರ ಜನವರಿಗೆ ಆಗಬೇಕಾಗಿದ್ದು 2023ರ ಮಾರ್ಚಲ್ಲಿ ಆಯ್ತು, 15%. ನಡುವಿನ 38 ತಿಂಗಳ ಹಿಂಬಾಕಿಗೆ ವರ್ಷಗಟ್ಟಲೆ ಜಗ್ಗಾಟ ಆಯ್ತು. 2021ರ ಏಪ್ರಿಲ್‌ನಲ್ಲಿ ಎರಡು ವಾರ ಬಸ್ ನಿಲ್ಲಿಸಿದೆವು, ಆರನೇ ವೇತನ ಆಯೋಗದ ಸಂಬಳ ಬೇಕು ಅಂತ. ಸಿಗಲಿಲ್ಲ. ಎಷ್ಟೋ ಜನ ವಜಾ ಆದ್ರು, ವರ್ಗ ಆದ್ರು. 2025ರ ಆಗಸ್ಟ್ 5ಕ್ಕೆ ಮತ್ತೆ ಶುರು ಮಾಡಿದೆವು, ಹೈಕೋರ್ಟ್ ಹೇಳಿತು, ಒಂದೇ ದಿನಕ್ಕೆ ನಿಂತಿತು.

ಇದನ್ನ ಯಾಕೆ ಹೇಳ್ತೀನಿ ಅಂದ್ರೆ, ಸಂಘ ಇದ್ರೆ ಎಲ್ಲಾ ಸಿಗುತ್ತೆ ಅಂತ ಅಂದ್ಕೋಬೇಡಿ. ಆದ್ರೆ ಸಂಘದಿಂದ ಒಂದು ಲಾಭ ಇದೆ, ಅದು ದೊಡ್ಡದು. ನಮ್ಮ ಡ್ರೈವರಿಗೆ ಶೆಡ್ಯೂಲ್ ಅಂತ ಒಂದು ಕಾಗದ ಇರುತ್ತೆ. ಎಷ್ಟು ಹೊತ್ತಿಗೆ ಡಿಪೋ ಬಿಡಬೇಕು, ಎಷ್ಟಕ್ಕೆ ವಾಪಸ್, ಓಟಿ ಎಷ್ಟು ಅಂತ ಅದರಲ್ಲೇ ಇದೆ. ಜಗಳ ಆಡೋಕೆ ಕೈಯಲ್ಲಿ ಒಂದು ಆಧಾರ ಇದೆ. ನಮ್ಮ ಅಳಿಯನ ಹತ್ರ ಅದಿಲ್ಲ. ಅವನು ಹದಿನಾರು ಗಂಟೆ ದುಡಿದೆ ಅಂತಾನೆ, ಎಲ್ಲಿದೆ ದಾಖಲೆ? ಹಾಜರಾತಿ ಪುಸ್ತಕದಲ್ಲಿ ಬಂದ ಅಂತ ಒಂದು ಗುರುತು, ಅಷ್ಟೆ. ಮನೆಗೆ ಹೋದ ಹೊತ್ತು ಎಲ್ಲೂ ಇಲ್ಲ. ಕಡೂರು ತಮ್ಮ, ಹೆಚ್ಚಿನ ಗಂಟೆಗೆ ದುಡ್ಡು ಬೇಕು ಅಂದ್ರೆ ಮೊದಲು ಗಂಟೆ ಬರೆದಿರಬೇಕಲ್ವಾ?

ಕಡೂರು ತಮ್ಮ

ಆ ಮಾತು ಒಪ್ತೀನಿ. ಬರೆಯೋ ವ್ಯವಸ್ಥೆ ಬೇಕು. ಆದರೂ ಬರೆದ ಮೇಲೆ ರಜೆ ಬೇಕೋ ಹಣ ಬೇಕೋ ಅಂತ ಆರಿಸೋ ಹಕ್ಕು ಅವನಿಗೇ ಇರಲಿ.

ನಿವೃತ್ತ ಎಎಸ್‌ಐ, ಹಾಸನ

ಆರಿಸೋ ಹಕ್ಕು ಅಂದ ಕೂಡಲೇ ಏನಾಗುತ್ತೆ ಅಂತ ನಾನು ಹೇಳ್ತೀನಿ ತಮ್ಮ, ಸ್ಟೇಷನ್ ರೈಟರ್ ಕೆಲಸ ಮಾಡಿದವನು ನಾನು, ಡ್ಯೂಟಿ ಹಂಚುತ್ತಿದ್ದವನು.

ಲೆಕ್ಕ ನೋಡಿ. ಒಂದು ಠಾಣೆಯಲ್ಲಿ ನಲವತ್ತು ಜನ ಇದ್ದಾರೆ ಅಂತ ಇಟ್ಕೊಳ್ಳಿ. ವಾರಕ್ಕೊಂದು ರಜೆ ಅಂದ್ರೆ ದಿನಾ ಐದಾರು ಜನ ರಜೆಯಲ್ಲಿರಬೇಕು. ಉಳಿದ ಮೂವತ್ನಾಲ್ಕರಲ್ಲಿ ಸೆಂಟ್ರಿಗೆ ಮೂರು ಪಾಳಿಗೆ ಮೂರು ಜನ. ಕೋರ್ಟಿಗೆ ಒಬ್ಬರೋ ಇಬ್ಬರೋ. ಸಮನ್ಸು, ವಾರೆಂಟು ಹಿಡಿದು ಓಡಾಡೋರು. ರೈಟರ್, ಅವನ ಸಹಾಯಕ. ಕಂಪ್ಯೂಟರಿಗೆ ಒಬ್ಬರು. 112 ಗಾಡಿಗೆ ಪಾಳಿ ಪ್ರಕಾರ. ಪಾಸ್‌ಪೋರ್ಟ್ ವಿಚಾರಣೆ. ಜೈಲಿಂದ ಕೋರ್ಟಿಗೆ, ಕೋರ್ಟಿಂದ ಆಸ್ಪತ್ರೆಗೆ ಆರೋಪಿ ಬೆಂಗಾವಲು. ಸಾಹೇಬರ ಜೊತೆ ಡ್ರೈವರ್. ಬೇರೆ ಕಚೇರಿಗೆ ಓಓಡಿ ಅಂದ್ರೆ ಅನ್ಯ ಕರ್ತವ್ಯದ ಮೇಲೆ ಹೋದವರು, ತರಬೇತಿಗೆ ಹೋದವರು, ಹೆರಿಗೆ ರಜೆ, ವೈದ್ಯಕೀಯ ರಜೆ. ಎಲ್ಲಾ ಕಳೆದು ರಾತ್ರಿ ಬೀಟಿಗೆ ಕೈಗೆ ಸಿಗೋರು ಬೆರಳೆಣಿಕೆ. ಇದರ ಮಧ್ಯೆ ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿಯ ಬಾಗಿಲು ತೆಗೀತಾರೆ. 2025ರಲ್ಲಿ ಅಕ್ಟೋಬರ್ 9ರಿಂದ 23ರವರೆಗೆ ಇತ್ತು. ಲಕ್ಷಗಟ್ಟಲೆ ಜನ. ಸಂತೇಪೇಟೆ ಕಡೆಯಿಂದ ಬ್ಯಾರಿಕೇಡ್ ಸಾಲು, ಮಧ್ಯರಾತ್ರಿ ಮೂರು ಗಂಟೆಗೂ ನೂಕುನುಗ್ಗಲು. ಆಗ ಯಾವ ಪಟ್ಟಿ, ಯಾವ ರಜೆ?

ಈ ಸ್ಥಿತಿಯಲ್ಲಿ ಹಣ ಅಥವಾ ರಜೆ ಅಂತ ಎರಡು ಬಾಗಿಲು ಇಟ್ಟರೆ ಅಧಿಕಾರಿ ಹೇಳೋದು ಒಂದೇ: "ಹಣ ತಗೊಂಡು ಬಾರಪ್ಪ, ಜನ ಇಲ್ಲ." ಅವರದ್ದೂ ತಪ್ಪಲ್ಲ, ಅವರಿಗೂ ಮೇಲಿಂದ ಒತ್ತಡ. ಹಣ ಕೊಟ್ಟ ಮೇಲೆ ಖಾಲಿ ಹುದ್ದೆ ತುಂಬೋ ಅವಸರ ಸರ್ಕಾರಕ್ಕೂ ಇರಲ್ಲ. ಹೊಸಬನಿಗೆ ಸಂಬಳ, ತರಬೇತಿ, ಮನೆ ಕೊಡೋದಕ್ಕಿಂತ ಇದ್ದವನ ಹತ್ರ ದುಡಿಸೋದು ಅಗ್ಗ. ರಜೆಯನ್ನೇ ಹಿಡಿದು ಕೂತರೆ ಮಾತ್ರ ಜನ ಸಾಲಲ್ಲ ಅನ್ನೋದು ಕಾಗದದ ಮೇಲೆ ಬರುತ್ತೆ. ದಿನಚರಿಯಲ್ಲಿ "ಸಿಬ್ಬಂದಿ ಕೊರತೆಯಿಂದ ರಜೆ ನೀಡಿಲ್ಲ" ಅಂತ ತಿಂಗಳಿಗೆ ಐವತ್ತು ಸಲ ಬರೆಯಬೇಕಾದರೆ ಅದನ್ನ ಯಾರೂ ಅಲ್ಲಗಳೆಯೋಕೆ ಆಗಲ್ಲ. ಈ ಬೇಡಿಕೆಯ ಜೀವ ಅಲ್ಲೇ ಇದೆ.

ಬೇಲೂರು ಅಮ್ಮ

ನನ್ನ ಮಗಳು ಮಹಿಳಾ ಕಾನ್‌ಸ್ಟೇಬಲ್. ಐದು ಬೇಡಿಕೆಯನ್ನೂ ಓದಿದೆ, ಹೆಣ್ಣುಮಕ್ಕಳ ಬಗ್ಗೆ ಒಂದೂ ಇಲ್ಲ. ಬಂದೋಬಸ್ತಿಗೆ ಹಾಕಿದ ಜಾಗದಲ್ಲಿ ಶೌಚಾಲಯ ಇಲ್ಲ. ಅದಕ್ಕೇ ಇವಳು ಬೆಳಿಗ್ಗೆಯಿಂದ ನೀರು ಕುಡಿಯಲ್ಲ. ಜೊತೆಯ ಹುಡುಗಿಯರೂ ಹಾಗೇ ಮಾಡ್ತಾರಂತೆ. ಮೂತ್ರದ ಸೋಂಕು ಬಂದು ಆಸ್ಪತ್ರೆಗೆ ತೋರಿಸಿದ್ದು ಎಷ್ಟು ಸಲವೋ. ಮುಟ್ಟಿನ ದಿನಗಳಲ್ಲಿ ಹತ್ತು ಹನ್ನೆರಡು ಗಂಟೆ ರಸ್ತೆ ಮೇಲೆ ನಿಲ್ಲೋದು ಹೇಗೆ ಅಂತ ನೀವು ಗಂಡಸರು ಒಂದು ಸಲ ಯೋಚಿಸಿ. ಪುಟ್ಟ ಮಗು ಇದೆ, ರಾತ್ರಿ ಪಾಳಿ ಅಂದ್ರೆ ನನ್ನ ಹತ್ರ ಬಿಟ್ಟು ಹೋಗ್ತಾಳೆ. ನಾನಿಲ್ಲದವರ ಪಾಡೇನು?

ಹಣ ರಜೆ ಅಂತ ಜಗಳ ಆಡೋದಕ್ಕೆ ಮುಂಚೆ ಒಂದು ಮೊಬೈಲ್ ಶೌಚಾಲಯದ ಗಾಡಿ ಕೇಳಿ. ಅದಕ್ಕೆ ಯಾವ ಆಯೋಗವೂ ಬೇಡ, ಸಮಿತಿಯೂ ಬೇಡ.

ಕ್ವಾರ್ಟರ್ಸ್ ಅಕ್ಕ, ಚಿಕ್ಕಮಗಳೂರು

ಅಮ್ಮ, ನೂರಕ್ಕೆ ನೂರು ಸರಿ. ಸರ್, ಇದನ್ನ ಕೆಳಗೆಲ್ಲೋ ಸೇರಿಸಬೇಡಿ, ರಜೆಯ ಪಕ್ಕದಲ್ಲೇ ಹಾಕಿ.

ನಿವೃತ್ತ ಎಎಸ್‌ಐ, ಹಾಸನ

ಹಾಕ್ತೇನೆ ಅಮ್ಮ. ಹೆಣ್ಣುಮಕ್ಕಳನ್ನ ನಿಯೋಜಿಸುವ ಪ್ರತಿ ಬಂದೋಬಸ್ತಿನ ಆದೇಶದಲ್ಲೇ ಶೌಚಾಲಯ ಎಲ್ಲಿದೆ ಅಂತ ಬರೆದಿರಬೇಕು ಅಂತ ಸೇರಿಸ್ತೇನೆ. ಇಲ್ಲದಿದ್ದರೆ ಗಾಡಿ ತರಿಸಬೇಕು.

ಮೂಡಿಗೆರೆ ತೋಟ

ನಾನು ಪೊಲೀಸರ ಕುಟುಂಬದವನಲ್ಲ, ಗೆಳೆಯರೊಬ್ಬರು ಸೇರಿಸಿದರು. ಬೇಜಾರಾದರೆ ಹೇಳಿ, ಹೋಗ್ತೀನಿ. ನಮ್ಮ ಕಡೆ ಆನೆ ಬಂದರೆ ಅರಣ್ಯ ಇಲಾಖೆಯವರ ಜೊತೆ ರಾತ್ರಿ ಜನರನ್ನ ಚದುರಿಸೋಕೆ ಪೊಲೀಸರೇ ಬರಬೇಕು. ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಜರಿದರೆ, ಮರ ಬಿದ್ದರೆ ಅವರೇ. ತೋಟದಲ್ಲಿ ಕಾಫಿ ಕಳ್ಳತನ ಆದರೂ ಅವರೇ. ಫೋನ್ ಮಾಡಿದರೆ "ಇವತ್ತು ಜನ ಕಮ್ಮಿ" ಅನ್ನೋ ಉತ್ತರ ಈಗಾಗಲೇ ಕೇಳ್ತಿದ್ದೀವಿ. ಎಲ್ಲರಿಗೂ ಎಂಟೇ ಗಂಟೆ ಅಂತ ಆದರೆ ನಮ್ಮ ಗತಿ? ನಿಮ್ಮ ಕಷ್ಟ ಸುಳ್ಳು ಅಂತ ಹೇಳ್ತಿಲ್ಲ. ಮನವಿಯಲ್ಲಿ ಜನರಿಗೆ ಏನು ಲಾಭ ಅಂತ ಒಂದು ಮಾತೂ ಇಲ್ಲ ಅನ್ನೋದು ನನ್ನ ತಕರಾರು.

ಅರಸೀಕೆರೆ ಮೆಕ್ಯಾನಿಕ್

ನಿದ್ದೆಗೆಟ್ಟ ಡ್ರೈವರ್ ಓಡಿಸೋ ಬಸ್ಸಲ್ಲಿ ನೀವು ಶಿರಾಡಿ ಘಾಟಿ ಇಳೀತೀರಾ ಸಾಹುಕಾರ್ರೇ? ಇಳಿಯಲ್ಲ. ನಿದ್ದೆಗೆಟ್ಟ ಪೊಲೀಸನ ಕೈಯಲ್ಲಿ ಬಂದೂಕು ಇರುತ್ತೆ, ಲಾಠಿ ಇರುತ್ತೆ, ನಿಮ್ಮ ಕೇಸಿನ ಫೈಲ್ ಇರುತ್ತೆ. ಜನರಿಗೆ ಲಾಭ ಅದೇ.

ಕರಿಕೋಟು, ಹಾಸನ ಕೋರ್ಟ್

ತೋಟದವರ ಪ್ರಶ್ನೆ ನ್ಯಾಯವಾದ್ದೇ. ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ 2014ರಲ್ಲಿ ಎಂಟು ಗಂಟೆ ಪಾಳಿ ಬಗ್ಗೆ ದೇಶಾದ್ಯಂತ ಅಧ್ಯಯನ ಮಾಡಿಸಿತ್ತು. ಠಾಣೆ ಸಿಬ್ಬಂದಿಯಲ್ಲಿ ಸುಮಾರು 90% ಜನ ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ದುಡೀತಾರೆ ಅಂತ ಬಂತು. ಪಾಳಿ ಪದ್ಧತಿಗೆ ಹೆಚ್ಚು ಜನ ಬೇಕು ಅನ್ನೋದನ್ನೂ ಅದೇ ಹೇಳಿದೆ. ಹಾಗಾಗಿ ಮನವಿಯಲ್ಲಿ ಖಾಲಿ ಹುದ್ದೆ ತುಂಬಿ ಅನ್ನೋದು ಸೇರದೆ ರಜೆ ಕೇಳಿದರೆ ಅದು ಅರ್ಧ ಬೇಡಿಕೆ.

ಈಗ ಐದನೇ ಬೇಡಿಕೆಗೆ ಬರ್ತೀನಿ. ನನಗೆ ಇದು ಒಪ್ಪಿಗೆ ಇಲ್ಲ, ನಾನು ವಕೀಲ ಅಂತ ಬೈಯ್ಯೋರು ಬೈಯ್ಯಿರಿ. 2023ರ ನವೆಂಬರ್ 30ರ ರಾತ್ರಿ ಚಿಕ್ಕಮಗಳೂರಿನಲ್ಲಿ ಹೆಲ್ಮೆಟ್ ವಿಚಾರಕ್ಕೆ ಶುರುವಾಗಿ ಯುವ ವಕೀಲರೊಬ್ಬರ ಮೇಲೆ ಠಾಣೆಯೊಳಗೆ ಹಲ್ಲೆ ಆಯ್ತು ಅನ್ನೋ ದೂರು ಬಂತು. ಪೊಲೀಸರ ಅಮಾನತಾಯ್ತು. ವಕೀಲರು ಕಲಾಪ ಬಹಿಷ್ಕರಿಸಿದರು. ಅದಾದ ಮೇಲೆ ಪೊಲೀಸರು, ಕುಟುಂಬದವರು ಬೀದಿಗೆ ಬಂದು ಪ್ರತಿಭಟನೆ ಮಾಡಿದರು. ಹೈಕೋರ್ಟ್ ತಾನೇ ಗಮನಕ್ಕೆ ತಗೊಂಡಿತು. ಅಂಥ ದಿನ, ಪ್ರಾಥಮಿಕ ವಿಚಾರಣೆ ಮುಗಿಯೋವರೆಗೂ ಆರೋಪ ಹೊತ್ತವರು ಅದೇ ಠಾಣೆಯಲ್ಲಿ, ಅದೇ ಕುರ್ಚಿಯಲ್ಲಿ ಕೂತಿರಬೇಕಾ? ಸಾಕ್ಷಿ ಹೇಳೋನು ಅವರ ಮುಂದೇ ಬರಬೇಕಾ?

ಕಡೂರು ತಮ್ಮ

ಸರ್, ನೀವು ಒಂದು ಕಡೆಯಿಂದ ಮಾತ್ರ ಹೇಳಿದಿರಿ. ಒಂದು ವಿಡಿಯೋ ಬಂದರೆ ಸಾಕು, ಹಿಂದೆ ಮುಂದೆ ನೋಡದೆ ಸಂಜೆ ಹೊತ್ತಿಗೆ ಕಾನ್‌ಸ್ಟೇಬಲ್ ಅಮಾನತು. ಆದೇಶ ಕೊಟ್ಟ ಮೇಲಿನವರ ಹೆಸರು ಎಲ್ಲೂ ಬರಲ್ಲ. ಅರ್ಧ ಸಂಬಳದಲ್ಲಿ ತಿಂಗಳುಗಟ್ಟಲೆ ಮನೆ ನಡೆಸಬೇಕು. ಆಮೇಲೆ ವಿಚಾರಣೆಯಲ್ಲಿ ತಪ್ಪಿಲ್ಲ ಅಂತ ಬಂದರೆ ಆ ಮರ್ಯಾದೆ ಯಾರು ವಾಪಸ್ ಕೊಡ್ತಾರೆ? ಅಣ್ಣನ ಬ್ಯಾಚ್‌ಮೇಟ್ ಒಬ್ಬನಿಗೆ ಹೀಗೇ ಆಯ್ತು, ಮದುವೆ ನಿಶ್ಚಯ ಮುರಿದು ಬಿತ್ತು.

ಸಕಲೇಶಪುರದವನು, ಶಿಕಾಗೋ

ಅಪ್ಪ ನಿವೃತ್ತ ಪೊಲೀಸ್. ನಾನು ಇಲ್ಲಿರೋದರಿಂದ ಇಲ್ಲಿನದ್ದು ಸ್ವಲ್ಪ ಹೇಳ್ತೀನಿ, ಹೋಲಿಕೆಗೆ ಬೇಕಾಗಬಹುದು. ಇಲ್ಲಿ ಪೊಲೀಸರಿಗೆ ಸಂಘ ಇದೆ, ನಗರಸಭೆ ಜೊತೆ ಲಿಖಿತ ಒಪ್ಪಂದ ಆಗುತ್ತೆ. ಆದರೆ ಇಲಿನಾಯ್ ರಾಜ್ಯದ ಕಾನೂನಿನಲ್ಲಿ ಪೊಲೀಸರು ಮುಷ್ಕರ ಮಾಡೋ ಹಾಗಿಲ್ಲ. ಮಾತುಕತೆ ಮುರಿದರೆ ಮಧ್ಯಸ್ಥರ ಹತ್ರ ಹೋಗುತ್ತೆ, ಅವರು ತೀರ್ಮಾನ ಕೊಡ್ತಾರೆ. ಶಿಕಾಗೋದಲ್ಲಿ 2017ರಲ್ಲಿ ಹಳೇ ಒಪ್ಪಂದ ಮುಗೀತು. ಹೊಸದು ಆಗಿದ್ದು 2021ರಲ್ಲಿ, ಎಂಟು ವರ್ಷಕ್ಕೆ ಒಟ್ಟು 20% ಏರಿಕೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಂಬಾಕಿ. ಸಂಘ ಇದ್ದೂ ನಾಲ್ಕು ವರ್ಷ ಕಾದರು.

ಐದನೇ ಬೇಡಿಕೆ ಬಗ್ಗೆ ನನಗೆ ಭಯ ಇರೋದು ಇದಕ್ಕೇ. ಇಲ್ಲಿನ ಹಳೇ ಒಪ್ಪಂದದಲ್ಲಿ ಪೊಲೀಸರ ಮೇಲಿನ ದೂರಿನ ದಾಖಲೆಗಳನ್ನ ಐದು ವರ್ಷ ಆದ ಮೇಲೆ ನಾಶ ಮಾಡಬೇಕು ಅಂತ ಇತ್ತು. ಅದನ್ನ ಜಾರಿ ಮಾಡೋಕಾಗಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಸಂಬಳ, ರಜೆ ಕೇಳಿದಾಗ ಜನ ಪೊಲೀಸರ ಪರ ಇದ್ದರು. ಇಂಥ ಷರತ್ತು ಹೊರಗೆ ಬಂದಾಗ ಅದೇ ಜನ ತಿರುಗಿ ನಿಂತರು. ಒಳ್ಳೇ ಬೇಡಿಕೆ ಕೂಡ ಅದರ ಜೊತೆ ಕೆಟ್ಟ ಹೆಸರು ತಗೊಂಡಿತು.

ಮಾಜಿ ಕೆಎಸ್‌ಆರ್‌ಪಿ

ಅಮೆರಿಕ ಅಷ್ಟು ದೂರ ಯಾಕೆ ಸ್ವಾಮಿ, ಘಟ್ಟ ಇಳಿದರೆ ಕೇರಳ. ಅಲ್ಲಿ ಸರ್ಕಾರವೇ ಮಾನ್ಯತೆ ಕೊಟ್ಟ ಪೊಲೀಸ್ ಸಂಘ ದಶಕಗಳಿಂದ ಇದೆ. ಚುನಾವಣೆ ನಡೆಯುತ್ತೆ, ಸಮ್ಮೇಳನ ಮಾಡ್ತಾರೆ, ಮಂತ್ರಿಗಳೇ ಬಂದು ಭಾಷಣ ಮಾಡ್ತಾರೆ. ಇದೇ 1966ರ ಕಾಯ್ದೆ ಅಲ್ಲೂ ಇದೆ ತಾನೆ? ಅಂದ್ರೆ ಅನುಮತಿ ಕೊಡೋಕೆ ದಾರಿ ಇದೆ ಅಂತ ಆಯ್ತು. ನಾವು ಅದನ್ನೇ ಕೇಳೋಣ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರ ಮಾಡಿದರು, ಅವತ್ತೇ 17% ಮಧ್ಯಂತರ ಪರಿಹಾರ ಬಂತು. ಪೊಲೀಸರಿಗೂ ಬಂತು. ಬೇರೆಯವರು ಹೋರಾಡಿ ತಂದಿದ್ದನ್ನ ನಾವು ತಗೋಬೇಕು, ನಮ್ಮದೇ ಸಮಸ್ಯೆ ಅಂದ್ರೆ ರಜೆ, ಬಂದೋಬಸ್ತು, ಕ್ವಾರ್ಟರ್ಸು, ಇದನ್ನ ಕೇಳೋಕೆ ಯಾರೂ ಇಲ್ಲ. ಏಳನೇ ವೇತನ ಆಯೋಗ ಬಂದರೂ ಅದು ಸಂಬಳದ ಮಾತು. ಬಂದೋಬಸ್ತಿನ ಚಿತ್ರಾನ್ನದ ಮಾತು ಯಾವ ಆಯೋಗ ಆಡುತ್ತೆ?

ಕರಿಕೋಟು, ಹಾಸನ ಕೋರ್ಟ್

ಇದು ಒಳ್ಳೇ ಅಂಶ ಅಣ್ಣ. 1966ರ ಕಾಯ್ದೆಯಲ್ಲೇ ಅನುಮತಿ ಪಡೆದು ಅಂತ ಇದೆ. ಪೂರ್ತಿ ನಿಷೇಧ ಅಲ್ಲ. ಹೆದರಿಸೋ ಕೊನೇ ಸಾಲು ತೆಗೆದು ಆ ಜಾಗದಲ್ಲಿ ಇದನ್ನ ಹಾಕಿ: ಮಾನ್ಯತೆ ಇರುವ ಕ್ಷೇಮಾಭಿವೃದ್ಧಿ ಸಂಘಕ್ಕೆ ಅನುಮತಿ ಕೊಡಿ, ಅಲ್ಲಿವರೆಗೂ ಜಿಲ್ಲಾ ಮಟ್ಟದಲ್ಲಿ ಮೂರು ತಿಂಗಳಿಗೊಮ್ಮೆ ಕಾನ್‌ಸ್ಟೇಬಲ್‌ಗಳ ಅಹವಾಲು ಕೇಳಿ, ನಡಾವಳಿ ಬರೆದು ಹೊರಗೆ ಹಾಕಿ.

ಮಾಜಿ ಕೆಎಸ್‌ಆರ್‌ಪಿ

ಆಯ್ತು. ಅದಿದ್ರೆ ಕೊನೇ ಸಾಲು ಹೋಗಲಿ.

ಕ್ವಾರ್ಟರ್ಸ್ ಅಕ್ಕ, ಚಿಕ್ಕಮಗಳೂರು

ಮೂರನೇ ಬೇಡಿಕೆ ಬಗ್ಗೆ ಯಾರೂ ಮಾತಾಡ್ತಿಲ್ಲ. ಹೊಸ ಶ್ರೇಣಿ ಬಂದಾಗ ಅದಾಗಲೇ ಇನ್‌ಕ್ರಿಮೆಂಟ್ ಸೇರಿ ಆ ಮೊತ್ತ ದಾಟಿದ್ದ ಹಳಬರಿಗೆ ಸಿಕ್ಕಿದ್ದು ಅಷ್ಟಕ್ಕಷ್ಟೆ. ಹೊಸದಾಗಿ ಸೇರಿದ ಹುಡುಗನಿಗೂ ಹತ್ತಾರು ವರ್ಷ ದುಡಿದವರಿಗೂ ಅಂತರ ಕಡಿಮೆ ಆಗಿಬಿಡ್ತು. ಹುಡುಗರಿಗೆ ಕೊಟ್ಟಿದ್ದು ತಪ್ಪು ಅಂತ ಅಲ್ಲ. ಜೊತೆಗೆ ಹಳಬರನ್ನೂ ಏರಿಸಬೇಕಿತ್ತು. ನಮ್ಮ ಮನೆಯವರು ಈ ವಿಷಯ ಬಂದರೆ ಮಾತೇ ಆಡಲ್ಲ, ಎದ್ದು ಹೋಗ್ತಾರೆ.

ಕಡೂರು ತಮ್ಮ

ಅಕ್ಕ, ಅದಕ್ಕೆ ನಮ್ಮ ಬೆಂಬಲ ಇದೆ. ಹೊಸಬರು ಹಳಬರು ಅಂತ ಒಡೆಯೋದು ಬೇಡ. ಬೇಕಿದ್ರೆ ಅಣ್ಣನ ಬ್ಯಾಚಿನ ಎಲ್ಲರ ಮನೆಯವರ ಸಹಿನೂ ತರ್ತೀನಿ.

ನಿವೃತ್ತ ಎಎಸ್‌ಐ, ಹಾಸನ

ಎಲ್ಲಾ ಓದಿದೆ, ಮನೆಯಲ್ಲಿ ಹೆಂಡತಿಗೂ ಓದಿ ಹೇಳಿದೆ. ಕರಡು ಹೀಗೆ ತಿದ್ದುತ್ತೇನೆ.

ಮೊದಲನೇದು ರಜೆಯೇ ಇರುತ್ತೆ, ಅದರ ಜೊತೆ ಖಾಲಿ ಹುದ್ದೆ ತುಂಬೋದು, ಬಂದು ಹೋದ ಹೊತ್ತು ಎರಡೂ ದಾಖಲಾಗೋದು. ಹಣ ಎರಡನೇದು. ಮೂವತ್ತು ದಿನದೊಳಗೆ ಬದಲಿ ರಜೆ ಕೊಡೋಕೆ ಆಗದಿದ್ದರೆ ಮಾತ್ರ ಹಣ, ಅದೂ ಒಂದು ದಿನದ ಪೂರ್ತಿ ಸಂಬಳದ ಲೆಕ್ಕದಲ್ಲಿ. ಕಡಿಮೆ ಭತ್ಯೆ ಕೊಟ್ಟು ರಜೆ ನುಂಗೋಕೆ ಆಗಬಾರದು ಅಂತ. ಮೂರನೇದು ಬೇಲೂರು ಅಮ್ಮ ಹೇಳಿದ ಶೌಚಾಲಯ, ಪುಟ್ಟ ಮಕ್ಕಳಿರುವ ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿಯಿಂದ ವಿನಾಯಿತಿ. ಆಮೇಲೆ ಹಳಬರ ಸಂಬಳ, ವರ್ಗಾವಣೆ. ಕೊನೆಗೆ ಸಂಘಕ್ಕೆ ಅನುಮತಿ, ಅಹವಾಲು ಸಭೆ. ಸಾಮೂಹಿಕ ರಜೆಯ ಸಾಲು ತೆಗೆದಿದ್ದೇನೆ. ತೋಟದವರೇ, ಪೊಲೀಸರಿಗೆ ವಿಶ್ರಾಂತಿ ಸಿಕ್ಕರೆ ಜನರಿಗೆ ಏನು ಅನುಕೂಲ ಅಂತ ಮೊದಲ ಪುಟದಲ್ಲೇ ಒಂದು ಪ್ಯಾರಾ ಹಾಕ್ತೇನೆ, ನೀವೇ ಬರೆದುಕೊಡಿ.

ಅಮಾನತಿನ ವಿಚಾರ. ಹಲ್ಲೆ, ಲಂಚ, ಸಾವು, ಹೆಣ್ಣುಮಕ್ಕಳ ದೂರು, ಈ ನಾಲ್ಕರಲ್ಲಿ ತಕ್ಷಣ ಠಾಣೆಯಿಂದ ದೂರ ಇಡಲಿ, ನಾವು ಅಡ್ಡ ಬರೋದು ಬೇಡ. ಉಳಿದ ವಿಷಯದಲ್ಲಿ ಅಮಾನತಿಗೆ ಮುಂಚೆ ಅವನ ಲಿಖಿತ ಉತ್ತರ ಕೇಳಬೇಕು, ಮತ್ತು ಯಾವ ಕ್ರಮವಾದರೂ ಆದೇಶ ಕೊಟ್ಟವರ ಹೆಸರೂ ವಿಚಾರಣೆಯಲ್ಲಿ ಬರಬೇಕು. ವಿಚಾರಣೆ ಮೂರು ತಿಂಗಳಲ್ಲಿ ಮುಗೀಬೇಕು. ಇಲಾಖೆಯಲ್ಲಿ ಇಷ್ಟು ವರ್ಷ ಇದ್ದು ಹೇಳ್ತಿದ್ದೇನೆ, ಲಾಕಪ್ಪಿನಲ್ಲಿ ಹೊಡೆದವನನ್ನ ಕಾಯೋ ಸಾಲಿಗೆ ನಾನು ಸಹಿ ಹಾಕಲ್ಲ.

ಕರಿಕೋಟು, ಹಾಸನ ಕೋರ್ಟ್

ಇದಕ್ಕೆ ನನ್ನ ಒಪ್ಪಿಗೆ ಇದೆ. ಭಾಷೆ ನೋಡಿ ಕೊಡ್ತೀನಿ, ಫೀಸು ಬೇಡ.

ಬೇಲೂರು ಅಮ್ಮ

ನನ್ನ ಸಹಿ ಹಾಕ್ಕೊಳ್ಳಿ. ಮಗಳ ಜೊತೆಯ ಹುಡುಗಿಯರ ಅಮ್ಮಂದಿರಿಗೂ ಹೇಳ್ತೀನಿ.

ಕಡೂರು ತಮ್ಮ

ಹಲ್ಲೆ ದೂರು ಅಂತ ಯಾರು ಬೇಕಾದರೂ ಬರೆದುಕೊಡಬಹುದು ಸರ್, ಹಿಡಿಯೋಕೆ ಹೋದಾಗ ತಳ್ಳಾಟ ಆದರೂ ಅದನ್ನ ಹಲ್ಲೆ ಅಂತಾರೆ. ಆ ನಾಲ್ಕರಲ್ಲಿ ಮೊದಲನೇದು ನನಗೆ ಇನ್ನೂ ಒಪ್ಪಿಗೆ ಇಲ್ಲ. ಠಾಣೆಯೊಳಗೆ ಆದ ಹಲ್ಲೆ ಅಂತ ಮಾಡಿ, ಅಲ್ಲಿ ಕ್ಯಾಮೆರಾ ಇರುತ್ತೆ, ಸತ್ಯ ಗೊತ್ತಾಗುತ್ತೆ. ಆಗ ಸಹಿ ಹಾಕ್ತೀನಿ.

ನಿವೃತ್ತ ಎಎಸ್‌ಐ, ಹಾಸನ

"ಠಾಣೆಯೊಳಗೆ ಅಥವಾ ವಶದಲ್ಲಿದ್ದಾಗ" ಅಂತ ಮಾಡ್ತೇನೆ ತಮ್ಮ. ವಶದಲ್ಲಿ ಅಂದ್ರೆ ಜೀಪೂ ಸೇರುತ್ತೆ. ಅದಕ್ಕಿಂತ ಕೆಳಗೆ ಇಳಿಯಲ್ಲ. ಯೋಚನೆ ಮಾಡಿ ಹೇಳು, ಶನಿವಾರ ಟೈಪಿಂಗಿಗೆ ಕೊಡಬೇಕು.